ನೀರಿನ ಬಣ್ಣ ನೋಡಿ ಮರಿ ಬಿಡಬೇಡಿ: ಕೆರೆಯ ಸಣ್ಣ ಜೀವಿ ಗುರುತಿಸೋರು ಪ್ರತಿ ತಾಲೂಕಿಗೂ ಬೇಕು

ಮುಂಗಾರು ಶುರುವಾಗಿ ಕೃಷಿ ಹೊಂಡಗಳಲ್ಲಿ ನೀರು ನಿಂತ ಮೇಲೆ ನನ್ನ ವಾಟ್ಸಾಪ್‌ಗೆ ಬರುವ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಹಸಿರು ನೀರು, ದಡದಲ್ಲಿ ಯಾರದೋ ಚಪ್ಪಲಿ ಕಾಲು, ಕೆಳಗೆ ಒಂದು ಸಾಲು: "ಅಣ್ಣ, ನೀರು ಹಸ್ರಾಗದೆ, ಮರಿ ಬಿಡಬೌದಾ?" ಹನೂರು ಕಡೆಯಿಂದ, ಕೊಳ್ಳೇಗಾಲದಿಂದ, ಯಳಂದೂರಿನಿಂದ, ಎಲ್ಲಾ ಕಡೆಯಿಂದಲೂ ಇದೇ ಪ್ರಶ್ನೆ. ನನ್ನ ಉತ್ತರವೂ ಒಂದೇ: ಫೋಟೋ ನೋಡಿ ಹೇಳಕ್ಕಾಗಲ್ಲ ತಮ್ಮ, ಆ ನೀರಲ್ಲಿ ಏನು ಓಡಾಡ್ತಾ ಇದೆ ಅಂತ ನೋಡಿ ಹೇಳು.

ಇದು ನುಣುಚಿಕೊಳ್ಳುವ ಉತ್ತರ ಅಲ್ಲ. ನೀರು ಹಸಿರಾಗೋದು ಎರಡು ಥರ. ಒಂದರಲ್ಲಿ ಸಣ್ಣ ಪಾಚಿಕಣ ಬೆಳೆದು, ಅದನ್ನು ತಿನ್ನೋಕೆ ಕಣ್ಣಿಗೆ ಕಂಡೂ ಕಾಣದಂಥ ಜೀವಿಗಳು ಹುಟ್ಟಿಕೊಂಡಿರ್ತವೆ. ಅದು ಊಟ ಇಟ್ಟ ಎಲೆ. ಇನ್ನೊಂದರಲ್ಲಿ ಮೈಕ್ರೋಸಿಸ್ಟಿಸ್ ಥರದ ನೀಲಿಹಸಿರು ಪಾಚಿ, ಪೈಂಟ್ ಸುರಿದ ಹಾಗೆ ಕೆನೆಗಟ್ಟಿ ತೇಲ್ತಾ ಇರುತ್ತೆ. ಅದರ ಗಂಟುಗಳನ್ನು ಆ ಸಣ್ಣ ಜೀವಿಗಳು ತಿನ್ನಲಾರವು. ಅದು ಖಾಲಿ ಎಲೆ. ಫೋಟೋದಲ್ಲಿ ಎರಡೂ ಹಸಿರೇ.

ಈ ಸಣ್ಣ ಜೀವಿಗಳಿಗೆ ಪುಸ್ತಕದಲ್ಲಿ ಪ್ರಾಣಿಪ್ಲವಕ ಅಂತಾರೆ, ಮೀನುಗಾರಿಕೆ ಇಲಾಖೆಯವರು ಝೂಪ್ಲಾಂಕ್ಟನ್ ಅಂತಾರೆ. ನಾವು ಹೊಂಡದ ಹತ್ತಿರ ನಿಂತಾಗ 'ಹುಳ' ಅಂತಲೇ ಅನ್ನೋದು. ಈ ಹುಳಗಳನ್ನು ನೋಡಿ ಇದು ಇಂಥದ್ದು ಅಂತ ಹೇಳಬಲ್ಲ ನಾಲ್ಕೈದು ಹುಡುಗರು, ಹುಡುಗಿಯರು ಪ್ರತಿ ತಾಲೂಕಿನಲ್ಲೂ ಇರಬೇಕು ಅನ್ನೋದು ನನ್ನ ಮಾತು. ಯಾಕೆ, ಹೇಗೆ ಅಂತ ಮುಂದೆ ಬರೆದಿದ್ದೀನಿ.

ಚಾಕಿ ಹುಳಕ್ಕೆ ಎಳೆ ಎಲೆ, ಮೀನುಮರಿಗೆ?

ಕೊಳ್ಳೇಗಾಲ ಸೀಮೆಯಲ್ಲಿ ರೇಷ್ಮೆ ಗೊತ್ತಿಲ್ಲದ ಮನೆ ಕಡಿಮೆ. ಹಾಗಾಗಿ ರೇಷ್ಮೆ ಲೆಕ್ಕದಲ್ಲೇ ಹೇಳ್ತೀನಿ. ಮೊಟ್ಟೆಯಿಂದ ಬಂದ ಚಾಕಿ ಹುಳಕ್ಕೆ ಬಲಿತ ಎಲೆ ಹಾಕಿದ್ರೆ ಏನಾಗುತ್ತೆ? ಅದಕ್ಕೆ ಕುಡಿಯ ಎಳೆ ಎಲೆ ಬೇಕು, ಅದನ್ನೂ ಸಣ್ಣಗೆ ಹೆಚ್ಚಿ ಹಾಕಬೇಕು. ಮೀನಿನ ಸ್ಪಾನ್ ಕೂಡ ಹಾಗೇ. ಹ್ಯಾಚರಿಯಿಂದ ಬರುವ ಮೂರು ನಾಲ್ಕು ದಿನದ ಸ್ಪಾನ್ 6 ರಿಂದ 8 ಮಿಲಿಮೀಟರ್ ಇರುತ್ತೆ. ಅದರ ಬಾಯಿ ಎಷ್ಟಿರಬಹುದು ನೀವೇ ಲೆಕ್ಕ ಹಾಕಿ. ಅದಕ್ಕೆ ಮೊದಲ ತುತ್ತು ರೋಟಿಫರ್ ಅನ್ನೋ ಅತಿ ಸಣ್ಣ ಜೀವಿ. ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅರ್ಧ ಮಿಲಿಮೀಟರ್ ತನಕ ಇರ್ತದೆ. ಮರಿ ಸ್ವಲ್ಪ ಬೆಳೆದ ಮೇಲೆ ಮೊಯಿನಾ, ಡಾಫ್ನಿಯಾದಂಥ ನೀರುಚಿಗಟ. ಕಾಟ್ಲಾ ಅಂತೂ ದೊಡ್ಡದಾದ ಮೇಲೂ ಮೇಲ್ನೀರಿನಲ್ಲಿ ಇದನ್ನೇ ಸೋಸಿ ತಿಂದು ಬದುಕೋ ಮೀನು.

ಸಾಧಾರಣವಾಗಿ ನರ್ಸರಿ ಕೊಳದಲ್ಲಿ ಹೆಕ್ಟೇರಿಗೆ 30 ರಿಂದ 50 ಲಕ್ಷ ಸ್ಪಾನ್ ಬಿಡ್ತಾರೆ. ನಮ್ಮ ಲೆಕ್ಕದಲ್ಲಿ ಗುಂಟೆಗೆ 30 ರಿಂದ 50 ಸಾವಿರ. 15-20 ದಿನದಲ್ಲಿ ಅದು ಒಂದಿಂಚಿನ ಫ್ರೈ ಆಗಬೇಕು. ಎಲ್ಲಾ ಸರಿಯಿದ್ದರೂ ಅರ್ಧದಷ್ಟು ಉಳಿದ್ರೆ ಒಳ್ಳೆ ಫಲಿತಾಂಶ ಅಂತಾರೆ. ಮೊದಲ ನಾಲ್ಕೈದು ದಿನ ತಿನ್ನೋಕೆ ಇಲ್ಲದಿದ್ರೆ ಅರ್ಧದ ಮಾತೇ ಇಲ್ಲ. ಬೇಜಾರಿನ ಸಂಗತಿ ಅಂದ್ರೆ ಈ ಮರಿಗಳು ಸತ್ತು ತೇಲೋದೂ ಇಲ್ಲ. ಅಷ್ಟು ಸಣ್ಣ ಮರಿ ಸತ್ತರೆ ನೀರಲ್ಲೇ ಕರಗಿ ಹೋಗುತ್ತೆ. ತಿಂಗಳಾದ ಮೇಲೆ ಬಲೆ ಎಳೆದಾಗಲೇ ಗೊತ್ತಾಗೋದು. ಆಗ "ಹ್ಯಾಚರಿಯೋರು ಮೋಸ ಮಾಡಿದ್ರು" ಅಂತ ಬೈತೀವಿ. ಕೆಲವು ಸಲ ನಿಜಾನೂ ಇರಬಹುದು. ಆದ್ರೆ ಬಿಟ್ಟ ದಿನ ನೀರಲ್ಲಿ ಊಟ ಇತ್ತಾ ಅಂತ ಯಾರೂ ನೋಡಿರೋದಿಲ್ಲ.

ಇದಕ್ಕೆ ಗೊಬ್ಬರದ ಲೆಕ್ಕ ಉಂಟು. ಹೆಕ್ಟೇರಿಗೆ 750 ಕಿಲೋ ಕಡಲೆಕಾಯಿ ಹಿಂಡಿ, 200 ಕಿಲೋ ಸಗಣಿ, 50 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್. ಗುಂಟೆಗೆ ಇಳಿಸಿದರೆ ಏಳೂವರೆ ಕಿಲೋ ಹಿಂಡಿ, 2 ಕಿಲೋ ಸಗಣಿ, ಅರ್ಧ ಕಿಲೋ ಫಾಸ್ಫೇಟ್. ಇದನ್ನು ನೆನೆಸಿ ಗಟ್ಟಿ ಗಂಜಿ ಮಾಡಿ, ಅರ್ಧ ಭಾಗವನ್ನು ಸ್ಪಾನ್ ಬರುವ ಎರಡು ಮೂರು ದಿನ ಮೊದಲು, ಉಳಿದದ್ದನ್ನು ಮರಿಗಳ ಸ್ಥಿತಿ ನೋಡಿ ಕಂತಿನಲ್ಲಿ ಹಾಕೋದು. ಗೊಬ್ಬರ ಬಿದ್ದ ಮೇಲೆ ಮೊದಲು ಏಳೋದು ರೋಟಿಫರ್. ಒಂದೆರಡು ದಿನದಲ್ಲೇ ಅದು ಮೊಟ್ಟೆ ಇಡೋ ವಯಸ್ಸಿಗೆ ಬರುತ್ತೆ. ಮೊಯಿನಾಕ್ಕೆ ನಾಲ್ಕೈದು ದಿನ ಬೇಕು. ಸೈಕ್ಲಾಪ್ಸ್ ಜಾತಿಗೆ ವಾರ ಎರಡು ವಾರ. ಸ್ಪಾನ್ ಬರೋ ದಿನಕ್ಕೂ ರೋಟಿಫರ್ ಏಳೋ ದಿನಕ್ಕೂ ತಾಳೆ ಆಗಬೇಕು. ಮೂರು ದಿನ ತಡವಾದರೆ ನೀರಲ್ಲಿ ದೊಡ್ಡ ಹುಳಗಳೇ ತುಂಬಿರ್ತವೆ, ಮರಿಯ ಬಾಯಿಗೆ ಹಿಡಿಯಲ್ಲ. ದೊಡ್ಡ ಸೈಕ್ಲಾಪ್ಸ್‌ಗಳಂತೂ ಸ್ಪಾನ್‌ನ್ನೇ ಕಚ್ಚಿ ಗಾಯ ಮಾಡಬಲ್ಲವು.

ಮಾದರಿಯನ್ನು ಬಾಟಲಿಗೆ ಹಾಕಿ ದೂರದ ಲ್ಯಾಬಿಗೆ ಕಳಿಸಿ ಉತ್ತರಕ್ಕೆ ಕಾಯೋಣ ಅಂದ್ರೆ, ಉತ್ತರ ಬರೋ ಹೊತ್ತಿಗೆ ನೀರೇ ಬದಲಾಗಿರುತ್ತೆ. ಲ್ಯಾಬಿನವರ ತಪ್ಪಲ್ಲ ಇದು. ಮೂರು ದಿನದಲ್ಲಿ ತೀರ್ಮಾನ ಆಗಬೇಕಾದ ವಿಷಯವನ್ನು ಬೈಕಿನಲ್ಲಿ ಅರ್ಧ ಗಂಟೆ ದೂರದಲ್ಲಿರೋರೇ ನೋಡಬೇಕು.

ಚಾಕಿಯಲ್ಲಿ ನಾವು ಇದನ್ನು ಮಾಡಿ ತೋರಿಸಿದ್ದೀವಿ. ಒಂದು ಕಾಲಕ್ಕೆ ಪ್ರತಿಯೊಬ್ಬ ರೈತನೂ ಮೊಟ್ಟೆ ತಂದು ತಾನೇ ಚಾಕಿ ಕಟ್ಟುತ್ತಿದ್ದ. ಆಮೇಲೆ ಊರೂರಲ್ಲಿ ಚಾಕಿ ಕೇಂದ್ರಗಳು ಬಂದವು. ಅವನ್ನು ನಡೆಸ್ತಾ ಇರೋರು ವಿಜ್ಞಾನಿಗಳಲ್ಲ, ತರಬೇತಿ ಪಡೆದು ಬಂದ ನಮ್ಮೂರ ರೈತರೇ. ಹುಳ ಜ್ವರಕ್ಕೆ ಕೂತಿದೆಯಾ, ಜ್ವರದಿಂದ ಎದ್ದಿದೆಯಾ ಅಂತ ಅವರು ತಟ್ಟೆ ನೋಡಿದ ಕೂಡಲೇ ಹೇಳ್ತಾರೆ. ನೀರಿನ ಹುಳಕ್ಕೂ ಅಂಥ ಕಣ್ಣು ಬೇಕು, ಅಷ್ಟೇ.

ನಾಲ್ಕು ಗುಂಪು ಗೊತ್ತಾದರೆ ಸಾಕು

ನೂರಾರು ಜಾತಿ ಇವೆ, ಅದೆಲ್ಲ ನಮಗೆ ಬೇಡ. ನಾಲ್ಕು ಗುಂಪು ಗುರುತಿಸಿದರೆ ಹೊಂಡದ ಮಟ್ಟಿಗೆ ಬಹಳಷ್ಟು ಕೆಲಸ ಆಯ್ತು.

ರೋಟಿಫರ್ ಅಂದ್ರೆ ಚಕ್ರ ಹೊತ್ತದ್ದು ಅಂತ ಅರ್ಥ. ತಲೆ ಮೇಲೆ ಸಣ್ಣ ಕೂದಲ ಸಾಲು ಸುತ್ತುತ್ತಾ ಇರುತ್ತೆ, ನೋಡಿದರೆ ಚಕ್ರ ತಿರುಗಿದ ಹಾಗೇ. ಬರಿಗಣ್ಣಿಗೆ ಧೂಳು. 40 ರಿಂದ 100 ಪಟ್ಟು ದೊಡ್ಡದು ಮಾಡಿ ನೋಡಬೇಕು. ಬ್ರಾಕಿಯೋನಸ್ ಅನ್ನೋದು ಹೂಜಿ ಆಕಾರ, ಅಂಚಲ್ಲಿ ಮುಳ್ಳು, ಹಿಂದೆ ಬಾಲದಂತೆ ಕಾಲು. ಕೆರಟೆಲ್ಲಾಗೆ ಆ ಕಾಲಿಲ್ಲ, ಬೆನ್ನ ಮೇಲೆ ಜೇನುಗೂಡಿನಂಥ ಗೆರೆ. ಬ್ರಾಕಿಯೋನಸ್ ಒಂದೇ ಕಿಕ್ಕಿರಿದು ತುಂಬಿದ್ರೆ ನೀರಿಗೆ ಗೊಬ್ಬರದ ಅಂಶ ಜಾಸ್ತಿ ಬಿದ್ದಿದೆ ಅಂತ. ನರ್ಸರಿ ಹೊಂಡದಲ್ಲಿ ಮೊದಲ ವಾರ ಅದೇ ನಮಗೆ ಬೇಕಾದ್ದು. ಆದರೆ ಕುಡಿಯೋ ನೀರಿನ ಕೆರೆಯಲ್ಲಿ ಅದೇ ದೃಶ್ಯ ಕಂಡರೆ ಎಲ್ಲಿಂದಲೋ ಚರಂಡಿ ಬಂದು ಸೇರ್ತಿದೆಯಾ ಅಂತ ಹುಡುಕಬೇಕು. ಒಂದೇ ಹುಳ, ಜಾಗ ಬೇರೆ ಆದ್ರೆ ಅರ್ಥ ಬೇರೆ. ಅದಕ್ಕೇ ಆ ನೀರಿನ ಹಿಂದುಮುಂದು ಗೊತ್ತಿರೋ ಸ್ಥಳೀಯರು ಬೇಕು ಅನ್ನೋದು.

ಎರಡನೆಯದು ನೀರುಚಿಗಟ, ಕ್ಲಾಡೋಸೆರಾ ಗುಂಪು. ಗಾಜಿನ ಲೋಟದಲ್ಲಿ ನೀರು ತಗೊಂಡು ಬೆಳಕಿಗೆ ಹಿಡಿದರೆ ಸಾಕು. ಕುಪ್ಪಳಿಸಿ ಕುಪ್ಪಳಿಸಿ ಮೇಲೇರೋದು ಬರಿಗಣ್ಣಿಗೇ ಕಾಣುತ್ತೆ. ಒಂದೇ ಒಂದು ಕಪ್ಪು ಕಣ್ಣು, ಬೆನ್ನಿನ ಚೀಲದಲ್ಲಿ ಮೊಟ್ಟೆ. ಡಾಫ್ನಿಯಾಗೆ ಹಿಂದೆ ಸೂಜಿಯಂಥ ಬಾಲ, ಮೊಯಿನಾಗೆ ಅದಿಲ್ಲ, ತಲೆ ಗುಂಡಗೆ. ಬಾಸ್ಮಿನಾ ತೀರಾ ಸಣ್ಣದು, ಮುಂದೆ ಆನೆ ಸೊಂಡಿಲಿನ ಹಾಗೆ ಬಾಗಿದ ಮೀಸೆ.

ಮೂರನೆಯದು ಕೋಪೆಪಾಡ್. ಮುಂದೆ ಅಗಲ, ಹಿಂದೆ ಚೂಪು, ನೀರಿನ ಹನಿ ಆಕಾರ. ಇದರಲ್ಲಿ ಎರಡು ಪಂಗಡ ಬೇರೆ ಮಾಡೋದು ಬಹಳ ಸುಲಭ, ಒಂದು ಸಲ ಹೇಳಿದರೆ ಮಕ್ಕಳೂ ಮರೆಯಲ್ಲ. ಮೀಸೆ ಗಿಡ್ಡ, ಬಾಲದ ಎರಡೂ ಪಕ್ಕ ಒಂದೊಂದು ಮೊಟ್ಟೆ ಚೀಲ ಇದ್ದರೆ ಸೈಕ್ಲಾಪ್ಸ್. ಮೀಸೆ ಮೈಯಷ್ಟೇ ಉದ್ದ, ಮೊಟ್ಟೆ ಚೀಲ ಒಂದೇ ಇದ್ದರೆ ಡಯಾಪ್ಟೋಮಸ್. ಸೈಕ್ಲಾಪ್ಸ್ ಚಂಗ್ ಅಂತ ಹಾರುತ್ತೆ, ಡಯಾಪ್ಟೋಮಸ್ ಜಾರಿದ ಹಾಗೆ ತೇಲಿ, ಆಮೇಲೆ ಒಂದು ನೆಗೆತ. ಸತ್ತ ಮಾದರಿಯಲ್ಲಿ ಈ ನಡಿಗೆ ಕಾಣಲ್ಲ. ದಡದಲ್ಲೇ ಜೀವಂತ ನೋಡೋದರ ಲಾಭ ಇದು.

ನಾಲ್ಕನೆಯದು ಆಸ್ಟ್ರಕಾಡ್. ಎರಡು ಚಿಪ್ಪಿನ ಕಾಳಿನ ಹಾಗೆ, ತಳದಲ್ಲಿ ಉರುಳಾಡ್ಕೊಂಡು ಇರುತ್ತೆ. ಸ್ಪಾನ್‌ಗೆ ಇದರಿಂದ ಅಷ್ಟೇನೂ ಉಪಯೋಗ ಇಲ್ಲ.

ಇವುಗಳ ಜೊತೆ ಬೆನ್ನ ಮೇಲೆ ಈಜೋ ಕೀಟ, ಏರೋಪ್ಲೇನ್ ಚಿಟ್ಟೆಯ ಮರಿ ಇದ್ದರೆ ಅದನ್ನು ಬೇರೆ ಬರೆದುಕೊಳ್ಳಿ. ಅವು ಮೀನುಮರಿ ತಿನ್ನೋವು. ಗುಂಟೆಗೆ ಸುಮಾರು 560 ಗ್ರಾಂ ಕಡಿಮೆ ಬೆಲೆಯ ಅಡುಗೆ ಎಣ್ಣೆ, 180 ಗ್ರಾಂ ಬಟ್ಟೆ ಸೋಪು ಕಲಸಿ, ಸ್ಪಾನ್ ಬಿಡೋಕೆ 12 ರಿಂದ 24 ಗಂಟೆ ಮೊದಲು ಗಾಳಿ ಇಲ್ಲದ ಹೊತ್ತಲ್ಲಿ ನೀರ ಮೇಲೆ ಹರಡಿದರೆ ಮೇಲೆ ಬಂದು ಉಸಿರಾಡೋ ಕೀಟಗಳು ಸಾಯ್ತವೆ.

ಬಲೆ, ಬಕೆಟ್, ಫೋನು

ಸಾಮಾನು ಜಾಸ್ತಿ ಬೇಡ. ಮುಖ್ಯವಾದ್ದು ಪ್ಲಾಂಕ್ಟನ್ ಬಲೆ. 60 ಮೈಕ್ರಾನ್ ಆಸುಪಾಸಿನ ನೈಲಾನ್ ಜಾಲರಿ, ಅಂದ್ರೆ ಒಂದೊಂದು ಕಣ್ಣೂ ಹೆಚ್ಚುಕಡಿಮೆ ತಲೆಗೂದಲ ದಪ್ಪ. ಅದನ್ನು ಲಾಳಿಕೆ ಥರ ಹೊಲಿದು ಕೊನೆಗೆ ಒಂದು ಸಣ್ಣ ಬಾಟಲಿ ಕಟ್ಟೋದು. ಹಿಂದೆ ಈ ಬಲೆಗಳನ್ನು ಹಿಟ್ಟಿನ ಗಿರಣಿಯಲ್ಲಿ ಜರಡಿಗೆ ಬಳಸೋ ರೇಷ್ಮೆ ಬಟ್ಟೆಯಿಂದಲೇ ಮಾಡ್ತಿದ್ದರು. ರೇಷ್ಮೆ ಸೀರೆಗೆ ಹೆಸರಾದ ಊರಿನಲ್ಲಿ ಕೂತು ಇದನ್ನು ಬರೆಯುವಾಗ ಒಂಥರಾ ಖುಷಿ. ಮನೆಯ ಹಳೇ ಪಂಚೆಯಲ್ಲಿ ಸೋಸಿದ್ರೆ ಆಗಲ್ವಾ ಅಂತ ಕೇಳ್ತಾರೆ. ನೀರುಚಿಗಟ ಸಿಗುತ್ತೆ, ರೋಟಿಫರ್ ನಂಬೋ ಹಾಗೆ ಸಿಗಲ್ಲ. ಲೆಕ್ಕಕ್ಕೆ ಅದು ಬರಲ್ಲ.

ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ. ಬೆಳಕು ಹೆಚ್ಚಾದ ಹಾಗೆ ಇವುಗಳಲ್ಲಿ ಬಹಳಷ್ಟು ಕೆಳಕ್ಕೆ ಇಳಿಯುತ್ತವೆ. ಹೊಂಡದ ನಾಲ್ಕೈದು ಕಡೆಯಿಂದ ಬಕೆಟ್‌ನಲ್ಲಿ ಒಟ್ಟು 50 ಲೀಟರ್ ನೀರು ಎತ್ತಿ ಬಲೆಗೆ ಸುರೀರಿ. ಬಾಟಲಿಯಲ್ಲಿ ಉಳಿದದ್ದನ್ನು ಅಳತೆ ಕೊಳವೆಗೆ ಹಾಕಿ ಒಂದು ಚಿಟಿಕೆ ಉಪ್ಪು ಹಾಕಿದರೆ ಕಾಲು ಗಂಟೆಯಲ್ಲಿ ಹುಳ ತಳಕ್ಕೆ ಕೂರುತ್ತೆ. ನರ್ಸರಿ ಹೊಂಡಕ್ಕೆ ಒಂದರಿಂದ ಎರಡು ಮಿಲಿಲೀಟರ್ ಕೂತರೆ ಸ್ಪಾನ್ ಬಿಡಬಹುದು. ಕೂತದ್ದು ಕಂದು ಬಣ್ಣ ಇದ್ದರೆ ಹುಳ ಹೆಚ್ಚು, ಹಸಿರಿದ್ದರೆ ಬರೀ ಪಾಚಿ.

ಎಷ್ಟು ಇದೆ ಅನ್ನೋದು ಇಷ್ಟಕ್ಕೆ ಗೊತ್ತಾಯ್ತು. ಯಾವುದಿದೆ ಅನ್ನೋಕೆ ಎಣಿಸಬೇಕು. ಇದಕ್ಕೊಂದು ಸರಳ ಲೆಕ್ಕ ಇಟ್ಕೊಳ್ಳಿ. ಇನ್ನೊಂದು ಸಲ 50 ಲೀಟರ್ ಸೋಸಿ, ಸಿಕ್ಕಿದ್ದಕ್ಕೆ ನೀರು ಸೇರಿಸಿ ಸರಿಯಾಗಿ 50 ಮಿಲಿಲೀಟರ್ ಮಾಡಿ. ಈಗ ಅದರ ಒಂದು ಮಿಲಿಲೀಟರ್ ಅಂದ್ರೆ ಹೊಂಡದ ಒಂದು ಲೀಟರ್. ಚೆನ್ನಾಗಿ ಅಲುಗಿಸಿ, ಸಿರಿಂಜಿನಲ್ಲಿ ಒಂದು ಮಿಲಿ ಎಳೆದು, ಗಾಜಿನ ಪಟ್ಟಿ ಮೇಲೆ ಹನಿಹನಿಯಾಗಿ ಹಾಕಿ ಎಣಿಸಿ. ಬಂದ ಸಂಖ್ಯೆಯೇ ಲೀಟರಿಗೆ ಎಷ್ಟು ಅನ್ನೋದು. ಗುಣಾಕಾರ ಭಾಗಾಕಾರ ಏನೂ ಬೇಡ.

ನೋಡೋಕೆ ಕಾಲೇಜಿನ ಹಳೇ ಸೂಕ್ಷ್ಮದರ್ಶಕ ಸಿಕ್ಕರೆ ಅದಕ್ಕಿಂತ ಒಳ್ಳೇದಿಲ್ಲ. ಕಣ್ಣಿಡೋ ಜಾಗಕ್ಕೆ ಫೋನಿನ ಕ್ಯಾಮೆರಾ ಹಿಡಿದು ವಿಡಿಯೋ ಮಾಡಿ. ಫೋಟೋಕ್ಕಿಂತ ವಿಡಿಯೋ ಮೇಲು, ನಡಿಗೆ ದಾಖಲಾಗುತ್ತೆ. ಸೂಕ್ಷ್ಮದರ್ಶಕ ಇಲ್ಲದಿದ್ರೆ ಫೋಲ್ಡ್‌ಸ್ಕೋಪ್ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವ, ನಮ್ಮ ದೇಶದವರೇ ಆದ ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ ಮಡಚುವ ಕಾಗದದ ಸೂಕ್ಷ್ಮದರ್ಶಕ ಅದು. ಸುಮಾರು 140 ಪಟ್ಟು ದೊಡ್ಡದು ಮಾಡುತ್ತೆ, ಜೇಬಿನಲ್ಲಿ ಇಟ್ಕೊಂಡು ಓಡಾಡಬಹುದು. ಐನ್ಯಾಚುರಲಿಸ್ಟ್ ಥರದ ಆ್ಯಪ್‌ಗಳಿಗೆ ಫೋಟೋ ಹಾಕಿ, ಬೇರೆ ಊರಿನ ತಿಳಿದವರ ಕಣ್ಣಿಗೆ ಬೀಳುತ್ತೆ. ಆದರೆ ಆ್ಯಪ್ ತಾನೇ ಹೇಳೋ ಹೆಸರನ್ನು ಈ ಹುಳಗಳ ವಿಷಯದಲ್ಲಿ ನಾನಂತೂ ನಂಬಲ್ಲ. ಹಕ್ಕಿ, ಚಿಟ್ಟೆಗೆ ಚೆನ್ನಾಗಿ ಕೆಲಸ ಮಾಡೋದು ಇಲ್ಲಿ ಎಡವುತ್ತೆ.

ನೀರಿನ ರೇಷ್ಮೆಹುಳ

ಮೀನು ಸಾಕದವರು "ನಮಗ್ಯಾಕಪ್ಪ ಇದೆಲ್ಲ" ಅನ್ನಬಹುದು. ಅವರಿಗೆ ಈ ಭಾಗ.

ಪಕ್ಕದ ಹೊಲದಲ್ಲಿ ಔಷಧಿ ಹೊಡೆದಾಗ ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಏನಾಗುತ್ತೆ ಅನ್ನೋದು ರೇಷ್ಮೆ ಸಾಕಿದವರಿಗೆ ಹೇಳಬೇಕಾಗಿಲ್ಲ. ಮನುಷ್ಯರಿಗೆ ವಾಸನೆಯೂ ಬಾರದಷ್ಟು ವಿಷ ಹುಳಕ್ಕೆ ಸಾಕು. ಕೆರೆಯಲ್ಲಿ ಅದೇ ಕೆಲಸ ನೀರುಚಿಗಟದ್ದು. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಥರದ ಕೀಟನಾಶಕಗಳಿಗೆ ಡಾಫ್ನಿಯಾ, ಮೊಯಿನಾ ಬಹಳ ಸೂಕ್ಷ್ಮ, ತೀರಾ ಕಡಿಮೆ ಪ್ರಮಾಣಕ್ಕೂ ಸಾಯ್ತವೆ. ಅದಕ್ಕೇ ಜಗತ್ತಿನಾದ್ಯಂತ ರಾಸಾಯನಿಕಗಳ ವಿಷ ಅಳೆಯೋಕೆ ಡಾಫ್ನಿಯಾವನ್ನು 48 ಗಂಟೆ ಆ ನೀರಲ್ಲಿಟ್ಟು ಎಷ್ಟು ಓಡಾಟ ನಿಲ್ಲಿಸಿದವು ಅಂತ ನೋಡೋ ಪರೀಕ್ಷೆ ಚಾಲ್ತಿಯಲ್ಲಿದೆ.

ಯಳಂದೂರು, ಕೊಳ್ಳೇಗಾಲ ಕಡೆ ನಾಲೆ ಬಯಲು, ಭತ್ತದ ಗದ್ದೆ. ಒಬ್ಬರ ಗದ್ದೆಯ ಬಸಿ ನೀರು ಇನ್ನೊಬ್ಬರ ಹೊಂಡಕ್ಕೆ, ಅಲ್ಲಿಂದ ಕೆರೆಗೆ, ಕೊನೆಗೆ ಸುವರ್ಣಾವತಿ ಹೊಳೆಗೆ, ಅಲ್ಲಿಂದ ಕಾವೇರಿಗೆ. ಹೊಂಡಕ್ಕೆ ಬಸಿ ನೀರು ಬಿಟ್ಕೊಳ್ಳೋ ಮೊದಲು ಎರಡು ಗಾಜಿನ ಜಾಡಿ ತಗೊಳ್ಳಿ. ಒಂದಕ್ಕೆ ಆ ನೀರು, ಇನ್ನೊಂದಕ್ಕೆ ನಿಮ್ಮ ಹೊಂಡದ್ದೇ ನೀರು. ಎರಡಕ್ಕೂ ಹತ್ತು ಹತ್ತು ಸಣ್ಣ ಮೊಯಿನಾ ಬಿಟ್ಟು ನೆರಳಲ್ಲಿಡಿ. ಮಾರನೇ ದಿನ, ಅದರ ಮಾರನೇ ದಿನ ಎಣಿಸಿ. ಹೊಂಡದ ನೀರಿನದು ಚೆನ್ನಾಗಿದ್ದು ಇನ್ನೊಂದು ಜಾಡಿಯದು ಸತ್ತು ತಳ ಸೇರಿದ್ದರೆ ತೂಬು ಮುಚ್ಚಿ. ಯಾವ ವಿಷ ಅಂತ ಈ ಜಾಡಿ ಹೇಳಲ್ಲ, ಅದಕ್ಕೆ ಲ್ಯಾಬೇ ಬೇಕು. ಆದರೆ ಬಿಡಬೇಡ ಅಂತ ಹೇಳುತ್ತೆ. ಪಟ್ಟಣದ ನಲ್ಲಿ ನೀರನ್ನು ಹೋಲಿಕೆಗೆ ಇಡಬೇಡಿ, ಕ್ಲೋರಿನ್‌ಗೇ ಇವು ಸಾಯ್ತವೆ.

ಇನ್ನೂ ಒಂದು ಗುಟ್ಟು ಈ ಹುಳಗಳ ಗಾತ್ರದಲ್ಲಿದೆ. ಮೀನು ಕಣ್ಣಿಗೆ ಬಿದ್ದ ದೊಡ್ಡದನ್ನೇ ಮೊದಲು ಹೆಕ್ಕಿ ತಿನ್ನುತ್ತೆ. ಅಮೆರಿಕದ ಕನೆಕ್ಟಿಕಟ್‌ನ ಕೆರೆಗಳಲ್ಲಿ ಹುಳ ತಿನ್ನೋ ಮೀನು ಬಂದ ಮೇಲೆ ದೊಡ್ಡ ಹುಳಗಳು ಮಾಯವಾಗಿ ಸಣ್ಣವು ಮಾತ್ರ ಉಳಿದದ್ದನ್ನು ಬ್ರೂಕ್ಸ್ ಮತ್ತು ಡಾಡ್ಸನ್ ಅನ್ನೋ ವಿಜ್ಞಾನಿಗಳು 1965ರಲ್ಲೇ ತೋರಿಸಿದರು. ನಮ್ಮ ಹೊಂಡದಲ್ಲೂ ಇದೇ ನಿಯಮ. ಗೊಬ್ಬರ ಹಾಕ್ತಾ ಇದ್ದೀರಿ, ಆದರೂ ಬಲೆಯಲ್ಲಿ ರೋಟಿಫರ್ ಬಿಟ್ಟು ಬೇರೇನೂ ಬರ್ತಿಲ್ಲ ಅಂದ್ರೆ ಮೀನು ಕಿಕ್ಕಿರಿದಿರಬಹುದು. ಆಗ ಇನ್ನಷ್ಟು ಗೊಬ್ಬರ ಸುರಿಯೋದಲ್ಲ, ಮೀನು ಹಿಡಿದು ಮಾರೋದು ಪರಿಹಾರ. ತಿರುಗಾ, ಹಸಿರಿದ್ದ ನೀರು ಎರಡೇ ದಿನದಲ್ಲಿ ತಿಳಿಯಾಗಿ, ಕೆಂಪು ಕಂದು ಬಣ್ಣದ ಮೋಡದ ಥರ ಹುಳ ಗುಂಪುಗಟ್ಟಿದರೆ ಅದೂ ಎಚ್ಚರಿಕೆಯೇ. ಪಾಚಿಯನ್ನೆಲ್ಲ ಅವು ತಿಂದು ಮುಗಿಸಿವೆ, ಆಮ್ಲಜನಕ ಕೊಡೋರು ಇಲ್ಲ, ಉಸಿರಾಡೋರು ಜಾಸ್ತಿ. ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿ ನಿಲ್ಲುತ್ತೆ. ಹೊಸ ನೀರು ಬಿಡಬೇಕು, ಇಲ್ಲಾಂದ್ರೆ ಪಂಪ್ ಹಾಕಿ ನೀರನ್ನು ಚಿಮ್ಮಿಸಬೇಕು.

ಹಳ್ಳಿಯವರಿಂದ ಆಗುತ್ತಾ?

ಆಗಿದೆ. ನಾರು ಹುಣ್ಣಿನ ಹೆಸರು ನಿಮ್ಮ ಅಜ್ಜ ಅಜ್ಜಿಯರು ಕೇಳಿರಬಹುದು. ಕಾಲಿನಿಂದ ದಾರದಂಥ ಹುಳ ಹೊರಬರುವ ರೋಗ. ಅದರ ಮರಿ ಇರ್ತಿದ್ದದ್ದು ಸೈಕ್ಲಾಪ್ಸ್ ಹೊಟ್ಟೆಯಲ್ಲಿ. ಮೆಟ್ಟಿಲು ಬಾವಿಯ ನೀರು ಕುಡಿದಾಗ ಸೈಕ್ಲಾಪ್ಸ್ ಜೊತೆ ಅದೂ ಮನುಷ್ಯನ ಒಳಗೆ ಹೋಗ್ತಿತ್ತು. ಕರ್ನಾಟಕವೂ ಆ ರೋಗ ಇದ್ದ ರಾಜ್ಯಗಳಲ್ಲಿ ಒಂದು. 1983-84ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯೋದನ್ನ ಊರೂರಿಗೆ ಕಲಿಸಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ದಾಖಲಾಯ್ತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಈ ರೋಗದಿಂದ ಮುಕ್ತ ಅಂತ ಘೋಷಿಸಿತು. ನೀರಿನ ಒಂದು ಸಣ್ಣ ಹುಳದ ವಿಷಯವನ್ನು ಸಾಮಾನ್ಯ ಜನ ಅರ್ಥ ಮಾಡಿಕೊಂಡಿದ್ದರಿಂದ ಆದ ಕೆಲಸ ಅದು. ಅದೇ ಸೈಕ್ಲಾಪ್ಸ್ ಬಳಗದ ಮೀಸೋಸೈಕ್ಲಾಪ್ಸ್ ಅನ್ನೋದನ್ನ ವಿಯೆಟ್ನಾಂನ ಹಳ್ಳಿಗಳಲ್ಲಿ ನೀರಿನ ತೊಟ್ಟಿಗೆ ಬಿಟ್ಟು ಡೆಂಗ್ಯೂ ಸೊಳ್ಳೆಯ ಮರಿಗಳನ್ನು ತಿನ್ನಿಸಿದ್ದಾರೆ. ಅಲ್ಲೂ ಅದನ್ನು ಹಿಡಿದು ಹಂಚಿದವರು ಊರಿನ ಜನವೇ.

ನಮ್ಮ ಬೆಟ್ಟದ ಮೇಲೇ ಇನ್ನೊಂದು ಉದಾಹರಣೆ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಸೇರಿ ನೆಲ್ಲಿಕಾಯಿ ಇಳುವರಿಯ ಲೆಕ್ಕ ಇಟ್ಟಿದ್ದಾರೆ. ನೆಲ್ಲಿ ಮರದ ಬಂದಳಿಕೆಗೆ ಅವರು ಉಪ್ಪಿಲು ಅಂತಾರೆ. ಕಾಡಿನಲ್ಲಿ ತರಗು ಬೆಂಕಿ ನಿಂತ ಮೇಲೆ ಉಪ್ಪಿಲು ಹೆಚ್ಚಾಯಿತು ಅಂತ ಅವರು ಹೇಳಿದ ಮಾತು ವಿಜ್ಞಾನಿಗಳ ಬರಹಕ್ಕೆ ಸೇರಿದೆ. ಬೆಟ್ಟದ ಮೇಲಿನ ಮರದ ವಿಷಯದಲ್ಲಿ ಸ್ಥಳೀಯ ಕಣ್ಣಿಗೆ ಬೆಲೆ ಸಿಕ್ಕಿದೆ. ಬೆಟ್ಟದ ಕೆಳಗಿನ ಕೆರೆಗೆ ಅಂಥ ಕಣ್ಣು ಇನ್ನೂ ಬೇಕಾಗಿದೆ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶ 1989ರಿಂದ ಹಳ್ಳಿಯ ಸಾಮಾನ್ಯ ಜನರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟು, ಕೀಟ, ಗಿಡಗಳ ಮಾದರಿ ಸಂಗ್ರಹಿಸಿ ವಿಂಗಡಿಸೋ ಕೆಲಸಕ್ಕೆ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ರೈತರು, ಗೃಹಿಣಿಯರು, ಯುವಕರು ಆ ಕೆಲಸ ಮಾಡಿದರು.

ಸಂಬಳದ ವಿಷಯ ಸುಮ್ಮನೆ ಹೇಳಿದ್ದಲ್ಲ. ಇದನ್ನು ಬರೀ ಸೇವೆ ಅಂತ ಮಾಡಿಸಿದರೆ ಎರಡು ತಿಂಗಳಲ್ಲಿ ನಿಲ್ಲುತ್ತೆ ಅನ್ನೋದು ನನ್ನ ಅನಿಸಿಕೆ. ಮಣ್ಣು ಪರೀಕ್ಷೆಗೆ ದುಡ್ಡು ಕೊಡ್ತೀವಿ, ಹಸುವಿಗೆ ಇಂಜೆಕ್ಷನ್ ಹಾಕಿದವರಿಗೆ ಕೊಡ್ತೀವಿ. ಸ್ಪಾನ್ ಬಿಡೋ ಮೊದಲು ಒಂದು ಸಲ, ಬಿಟ್ಟ ಐದನೇ ದಿನ ಒಂದು ಸಲ ಹೊಂಡ ನೋಡಿ ಹೇಳೋರಿಗೂ ಕೊಡಬೇಕು. ಮೀನು ಸಾಕೋ ಹತ್ತು ಹದಿನೈದು ಜನ ಸೇರಿದರೆ ಒಬ್ಬರಿಗೆ ಸೀಸನ್ ಪೂರ್ತಿ ಕೈಖರ್ಚು ಹುಟ್ಟುತ್ತೆ. ರೈತ ಉತ್ಪಾದಕರ ಕಂಪನಿ ಇರೋ ಕಡೆ ಅದರ ಲೆಕ್ಕದಲ್ಲೇ ಸೇರಿಸಬಹುದು.

ಕಲಿಯೋದು ಎಲ್ಲಿ? ಮೊದಲು ನಿಮ್ಮ ತಾಲೂಕಿನ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಹಿಡೀರಿ. ಸೂಕ್ಷ್ಮದರ್ಶಕ ಅವರ ಹತ್ತಿರ ಇರುತ್ತೆ, ಮಾದರಿ ನಿಮ್ಮ ಹತ್ತಿರ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಮೀನು ಸಾಕಾಣಿಕೆ ತರಬೇತಿ ಬಗ್ಗೆ ಕೇಳುವಾಗ, ಒಂದು ದಿನ ಪ್ಲಾಂಕ್ಟನ್‌ಗೆ ಇಡಿ ಅಂತ ಹತ್ತು ಜನ ಸಹಿ ಹಾಕಿ ಅರ್ಜಿ ಕೊಡಿ. ಮಂಗಳೂರಿನಲ್ಲಿ 1969ರಿಂದ ಇರುವ ಮೀನುಗಾರಿಕೆ ಕಾಲೇಜು, ಬೆಂಗಳೂರಿನಲ್ಲಿರುವ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ, ಇವು ಜಾತಿ ಖಚಿತ ಮಾಡೋಕೆ. ಪುಸ್ತಕ ಬೇಕು ಅನ್ನೋರಿಗೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 1988ರಲ್ಲಿ ತಂದ, ಮೈಕೇಲ್ ಮತ್ತು ಶರ್ಮ ಅವರು ಬರೆದ ಭಾರತದ ಕ್ಲಾಡೋಸೆರಾ ಗ್ರಂಥ ಇದೆ. ಬ್ಯಾಟಿಶ್ ಅವರ ಸಿಹಿನೀರಿನ ಪ್ರಾಣಿಪ್ಲವಕದ ಪುಸ್ತಕ 1992ರದ್ದು. ಎರಡೂ ಇಂಗ್ಲಿಷ್, ಅದೂ ತಜ್ಞರ ಇಂಗ್ಲಿಷ್. ಚಿತ್ರಗಳಿಗೋಸ್ಕರವಾದ್ರೂ ನೋಡಿ.

ನಮ್ಮ ಗುಂಪಿನಲ್ಲಿ ಇವಕ್ಕೆ ನಾವೇ ಹೆಸರಿಟ್ಟುಕೊಂಡಿದ್ದೀವಿ. ರೋಟಿಫರ್ 'ಚಕ್ರದ್ದು', ಮೊಯಿನಾ 'ಕುಪ್ಪಳ', ಸೈಕ್ಲಾಪ್ಸ್ 'ಎರಡು ಚೀಲ', ಡಯಾಪ್ಟೋಮಸ್ 'ಉದ್ದ ಮೀಸೆ'. ಲ್ಯಾಟಿನ್ ಹೆಸರು ಪುಸ್ತಕದಲ್ಲಿ ಬರೆಯುವಾಗ, ದಡದಲ್ಲಿ ಕೂಗಿ ಹೇಳೋಕೆ ಇದು. "ಚಕ್ರ ಇನ್ನೂರು, ಕುಪ್ಪಳ ನಲವತ್ತು, ಎರಡು ಚೀಲ ಮೂರು, ನಾಳೆ ಬಿಡ್ಲಾ ಅಣ್ಣ?" ಅಂತ ಮೆಸೇಜು ಬಂದರೆ ನನಗೆ ಉತ್ತರ ಕೊಡೋಕೆ ಒಂದು ನಿಮಿಷ ಬೇಡ.

ಹನೂರಿನವರಿಗೆ ಒಂದು ಬೇರೆ ಕೆಲಸ

2014-15ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲೆ ಮಳೆ ನಂಬಿದ ಊರುಗಳಲ್ಲಿ ಪ್ಲಾಸ್ಟಿಕ್ ಹಾಸಿದ ಹೊಂಡಗಳು ಬಂದವು. ನೀರು ಇಂಗಲ್ಲ, ಒಳ್ಳೇದು. ಆದರ ತಳದಲ್ಲಿ ಮಣ್ಣಿಲ್ಲ. ಮಣ್ಣಿಲ್ಲ ಅಂದ್ರೆ ಹುಳದ ಬೀಜ ಇಲ್ಲ. ಕೆರೆ ಒಣಗೋ ಹೊತ್ತಿಗೆ ನೀರುಚಿಗಟ, ರೋಟಿಫರ್‌ಗಳು ಗಟ್ಟಿ ಸಿಪ್ಪೆಯ ಮೊಟ್ಟೆ ಇಟ್ಟು ಸಾಯ್ತವೆ. ಆ ಮೊಟ್ಟೆ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತೆ, ಕೆಲವು ದಶಕಗಳ ಕಾಲ ಉಳಿದದ್ದೂ ಉಂಟು. ಮಳೆ ನೀರು ಬಿದ್ದಾಗ ಒಡೆಯುತ್ತೆ. ಹಳೇ ಕೆರೆಯಲ್ಲಿ ಹುಳ ತಾನಾಗಿ ಏಳೋದು, ಹೊಸ ಪ್ಲಾಸ್ಟಿಕ್ ಹೊಂಡದಲ್ಲಿ ಗೊಬ್ಬರ ಹಾಕಿದರೂ ತಡವಾಗೋದು ಇದರಿಂದಲೇ. ಅಂಥ ಹೊಂಡಕ್ಕೆ ಮೊದಲು ಒಂದು ಡ್ರಮ್ಮಿನಲ್ಲಿ ನೆನೆಸಿದ ಹಿಂಡಿ ನೀರು ಸ್ವಲ್ಪ ಹಾಕಿ ಮೊಯಿನಾ ಬೆಳೆಸಿ, ವಾರದ ಮೇಲೆ ಸೋಸಿ ಬಿಡಬೇಕು.

ಮೊದಲ ಮೊಯಿನಾ ಎಲ್ಲಿಂದ ತರೋದು ಅಂದ್ರೆ, ಬೇಸಿಗೆಯಲ್ಲಿ ನಿಮ್ಮೂರ ಕೆರೆ ಒಣಗಿದಾಗ ದಡದಿಂದಲ್ಲ, ಕೊನೆಗೆ ನೀರು ನಿಂತಿದ್ದ ತಗ್ಗಿನಿಂದ, ಮೇಲಿನ ಎರಡು ಬೆರಳು ದಪ್ಪದ ಮಣ್ಣು ಒಂದು ಹಿಡಿ ತನ್ನಿ. ನೆರಳಲ್ಲಿ ಚೆನ್ನಾಗಿ ಒಣಗಿಸಿ, ಮೀನಿನ ಮೊಟ್ಟೆ, ಜಂತು ಏನೂ ಉಳಿಯಬಾರದು. ಬಾಯಿ ಅಗಲದ ಜಾಡಿಗೆ ಹಾಕಿ ಕ್ಲೋರಿನ್ ಇಲ್ಲದ ನೀರು ತುಂಬಿ, ಬೆಳಕು ಬರೋ ಆದರೆ ಬಿಸಿಲು ಬೀಳದ ಕಡೆ ಇಡಿ. ಮೊದಲು ಚಕ್ರದ್ದು, ವಾರದೊಳಗೆ ಕುಪ್ಪಳ ಕಾಣಬೇಕು. ಗುಂಡಾಲ್ ಜಲಾಶಯದ ಹಿನ್ನೀರಿನ ಮಣ್ಣು ಒಂದು ಜಾಡಿಗೆ, ಯಳಂದೂರಿನ ಗದ್ದೆ ಬಯಲಿನ ಕೆರೆಯದ್ದು ಇನ್ನೊಂದಕ್ಕೆ ಹಾಕಿ ಪಕ್ಕಪಕ್ಕ ಇಟ್ಟರೆ ಎದ್ದು ಬರೋ ಹುಳಗಳೇ ಬೇರೆಬೇರೆ ಇರಬಹುದು. ಜಾಡಿಗೆ ಚೀಟಿ ಅಂಟಿಸಿ, ಕೆರೆ ಹೆಸರು, ತಾರೀಖು, ಮಣ್ಣು ತಂದ ಜಾಗ, ಮೂರನ್ನೂ ಬರೀರಿ. ಪೆನ್ನಲ್ಲಿ ಬೇಡ, ಪೆನ್ಸಿಲ್‌ನಲ್ಲಿ. ನೀರು ತಾಗಿದರೆ ಶಾಯಿ ಅಳಿಸಿಹೋಗುತ್ತೆ.